ತೋಟದ ಹಳಿ ಮೇಲೆ ಗೆಳೆಯರ ಜೊತೆ ಸ್ಟೀಮ್ ಇಂಜಿನ್: ಯಾವ ಗೇಜು, ಯಾವ ಬೆಂಕಿ, ಯಾವ ಹಳಿ

ತೋಟದಲ್ಲಿ ಪುಟ್ಟ ಹಳಿ ಹಾಕಿ, ಅದರ ಮೇಲೆ ನಿಜವಾದ ಹಬೆಯಲ್ಲೇ ಓಡೋ ಮಾಡೆಲ್ ರೈಲು ಇಂಜಿನ್ ಓಡಿಸೋದು ನಮ್ಮ ಗುಂಪಿನ ಹವ್ಯಾಸ. ಅದರಲ್ಲಿ ಒಬ್ಬ ಗೆಳೆಯ ವರ್ಷಗಟ್ಟಲೆ ಆಸೆಪಟ್ಟು ಒಂದು ದೊಡ್ಡ ಇಂಜಿನ್ ತಗೊಂಡ, ಆರು ದೊಡ್ಡ ಚಕ್ರ, ಹಿಂದೆ ಉದ್ದ ಟೆಂಡರ್ (ಇಂಧನ, ನೀರು ಹೊರೋ ಗಾಡಿ), ಸ್ಪಿರಿಟ್ (ಉರಿಸೋ ಆಲ್ಕೋಹಾಲ್) ಬೆಂಕಿ, ನೋಡೋಕೆ ಎರಡು ಕಣ್ಣು ಸಾಲದು. ಭಾನುವಾರ ಎಲ್ಲರೂ ಸೇರಿದ್ವಿ, ಪೆಟ್ಟಿಗೆಯಿಂದ ಎರಡೂ ಕೈಲಿ ಮಗು ಎತ್ತಿದ ಹಾಗೆ ಎತ್ತಿ ಹಳಿ ಮೇಲಿಟ್ಟ, ಬೆಂಕಿ ಹಚ್ಚೋ ಮುಂಚೆ ಒಂದ್ಸಲ ಕೈಲಿ ತಳ್ಳಿ ನೋಡೋಣ ಅಂತ ಮೊದಲನೇ ಕರ್ವ್ ತನಕ ತಳ್ಳಿದ, ಅಲ್ಲಿ ಮುಂದಿನ ಸಣ್ಣ ಚಕ್ರಗಳು ಸಿಲಿಂಡರಿಗೆ ತಾಗಿ ಹಳಿ ಬಿಟ್ಟು ಮೇಲಕ್ಕೆದ್ವು. ಆ ಇಂಜಿನ್ನಿಗೆ ಬೇಕಿದ್ದಿದ್ದು 3 ಮೀಟರ್ ರೇಡಿಯಸ್, ನಮ್ಮ ಹಳಿ ಇದ್ದಿದ್ದು 1.2 ಮೀಟರ್. ಇಡೀ ದಿನ ಅದು ಪೆಟ್ಟಿಗೆಯಲ್ಲೇ ಮಲಗಿತ್ತು, ಅವನು ನಮ್ಮ ಇಂಜಿನ್‌ಗಳಿಗೆ ನೀರು ತುಂಬಿಸ್ಕೊಂಡು ಕೂತ. ಇಂಜಿನ್ನಲ್ಲೂ ದೋಷ ಇಲ್ಲ, ಹಳಿಯಲ್ಲೂ ದೋಷ ಇಲ್ಲ, ಜೋಡಿ ಕೂಡಲಿಲ್ಲ ಅಷ್ಟೇ.

ಅದಾದ್ಮೇಲೆ ಯಾರಾದ್ರೂ "ಯಾವ ಇಂಜಿನ್ ಒಳ್ಳೇದು ಕಣೋ" ಅಂತ ಕೇಳಿದ್ರೆ ನಾನು ವಾಪಸ್ ಕೇಳೋದು ಒಂದೇ, ಯಾರ ಜೊತೆ ಓಡಿಸ್ತೀಯ, ಯಾರ ಹಳಿ ಮೇಲೆ ಓಡಿಸ್ತೀಯ? ಒಬ್ರೇ ಓಡಿಸೋದಾದ್ರೆ ಮನಸ್ಸಿಗೆ ಬಂದಿದ್ದು ತಗೊಂಡು ಅದಕ್ಕೆ ತಕ್ಕ ಹಾಗೆ ಹಳಿ ಹಾಕ್ಕೊಬಹುದು. ನಾಲ್ಕು ಜನ ಸೇರಿ ಓಡಿಸೋದಾದ್ರೆ ಮಾತ್ರ ಗೇಜು (ಅಂದ್ರೆ ಹಳಿ ಅಗಲ), ಕರ್ವ್, ಬೆಂಕಿ, ಕಪ್ಲಿಂಗು (ಬೋಗಿ ಕಟ್ಟೋ ಕೊಂಡಿ), ವೇಗ ಎಲ್ಲದರಲ್ಲೂ ಬೇರೆಯವರ ಜೊತೆ ಹೊಂದ್ಕೋಬೇಕು, ಈ ಹೋಲಿಕೆ ಪೂರ್ತಿ ಆ ಲೆಕ್ಕದಲ್ಲೇ ಬರೀತಿದೀನಿ.

ಗೇಜು ಮತ್ತು ಸ್ಕೇಲು

ಗಾರ್ಡನ್ ರೈಲ್ವೇಲಿ ಹೆಚ್ಚಾಗಿ ಕಾಣೋದು ಎರಡು ಅಗಲದ ಹಳಿ, 32 ಮಿಮೀ ಮತ್ತೆ 45 ಮಿಮೀ. ಗೊಂದಲ ಶುರುವಾಗೋದೇ ಇಲ್ಲಿ, ಹಳಿ ಅಗಲ ಒಂದೇ ಇದ್ರೂ ಅದರ ಮೇಲೆ ಓಡೋ ಮಾಡೆಲ್‌ಗಳ ಅಳತೆ ಬೇರೆ ಬೇರೆ. 45 ಮಿಮೀ ಹಳಿ ಮೇಲೆ 1:32 ಸ್ಕೇಲಲ್ಲಿ, ಅಂದ್ರೆ ಅಸಲಿ ರೈಲಿನ 32ನೇ ಒಂದು ಭಾಗದ ಅಳತೆಯಲ್ಲಿ, ಮಾಡಿದ್ರೆ ಅದು 1435 ಮಿಮೀ ಸ್ಟ್ಯಾಂಡರ್ಡ್ ಗೇಜಿನ ದೊಡ್ಡ ರೈಲು, ಎಕ್ಸ್‌ಪ್ರೆಸ್ ಇಂಜಿನ್‌ಗಳೆಲ್ಲ ಈ ಸಾಲಿಗೆ ಸೇರತ್ವೆ, ಹಳಬರು ಇದನ್ನ ಗೇಜ್ 1 ಅಂತಾರೆ. ಅದೇ ಹಳಿ ಮೇಲೆ 1:22.5 ಅಂದ್ರೆ ಮೀಟರ್ ಗೇಜು, ಜರ್ಮನಿಯ ಎಲ್‌ಜಿಬಿ ಅನ್ನೋ ಮಾಡೆಲ್ ಬ್ರ್ಯಾಂಡ್ 1968ರಲ್ಲಿ ಶುರು ಮಾಡಿದ್ದು ಇದು. 1:20.3 ಅಂದ್ರೆ 3 ಅಡಿ ಅಗಲದ ಅಮೆರಿಕನ್ ನ್ಯಾರೋ ಗೇಜು (ಸ್ಟ್ಯಾಂಡರ್ಡಿಗಿಂತ ಕಿರಿದಾದ ಹಳಿ). ಇನ್ನು 32 ಮಿಮೀ ಹಳಿ ಮೇಲೆ 1:19 ಸ್ಕೇಲು, ಬ್ರಿಟನ್ನಲ್ಲಿ ಇದಕ್ಕೆ 16 ಮಿಲಿಮೀಟರ್ ಸ್ಕೇಲ್ ಅಂತ ಹೆಸರು, ಯಾಕಂದ್ರೆ ಅಸಲಿ ರೈಲಿನ ಒಂದು ಅಡಿಗೆ ಮಾಡೆಲ್ಲಲ್ಲಿ 16 ಮಿಮೀ. 2 ಅಡಿ ಗೇಜಿನ ಬೆಟ್ಟದ ರೈಲು, ಕಲ್ಲುಗಣಿ ರೈಲುಗಳೆಲ್ಲ ಈ ಸ್ಕೇಲಿಗೆ ಬರತ್ವೆ, ಡಾರ್ಜಿಲಿಂಗ್ ರೈಲು, ವೇಲ್ಸಿನ ಫೆಸ್ಟಿನಿಯೋಗ್ ರೈಲು ಈ ಜಾತಿಯವು.

ಗೆಳೆಯರ ಗುಂಪಿಗೆ ಇವುಗಳಲ್ಲಿ ಯಾವುದು ಅಂದ್ರೆ ನಾನು ಕಣ್ಣು ಮುಚ್ಚಿ ನ್ಯಾರೋ ಗೇಜ್ ಅಂತೀನಿ, ಅದು 32 ಆದ್ರೂ ಸರಿ 45 ಆದ್ರೂ ಸರಿ. ಕಾರಣ ಕರ್ವು. ಅಸಲಿ ನ್ಯಾರೋ ಗೇಜ್ ಇಂಜಿನ್‌ಗಳನ್ನ ಬೆಟ್ಟದ ತಿರುವುಗಳಿಗೆ ಅಂತಾನೇ ಗಿಡ್ಡಕ್ಕೆ ಕಟ್ಟಿರ್ತಾರೆ, ಹಾಗಾಗಿ ಅವುಗಳ ಮಾಡೆಲ್ಲೂ ಗಿಡ್ಡ, ನಾಲ್ಕು ಚಕ್ರದ ಒಂದು ಸಣ್ಣ ಇಂಜಿನ್ 760 ಮಿಮೀ ರೇಡಿಯಸ್ಸಲ್ಲಿ ಆರಾಮಾಗಿ ತಿರುಗತ್ತೆ. ಗೇಜ್ 1ರ ದೊಡ್ಡ ಇಂಜಿನ್ನಿಗೆ 3 ಮೀಟರ್ ರೇಡಿಯಸ್ ಅಂದ್ರೆ ಬರೀ ತಿರುಗೋಕೇ 6 ಮೀಟರ್ ಅಗಲದ ಜಾಗ ಬೇಕು, ಅಷ್ಟು ಸಮತಟ್ಟು ಜಾಗ ಗುಂಪಲ್ಲಿ ಒಬ್ಬರ ಹತ್ರ ಇದ್ರೆ ಅದೇ ಹೆಚ್ಚು. ಹಾಗಂತ ಗೇಜ್ 1ನ್ನ ನಾನು ತಳ್ಳಿ ಹಾಕ್ತಿಲ್ಲ, ಹತ್ತು ಬೋಗಿ ಎಳ್ಕೊಂಡು ಉದ್ದದ ನೇರ ಹಳಿ ಮೇಲೆ ಅದು ಸುಯ್ ಅಂತ ಹೋಗೋದು ನೋಡಿದ್ರೆ ಮೈ ಜುಮ್ ಅನ್ನತ್ತೆ. ಆದ್ರೆ ಅದು ಜಾಗ ಇರೋರ ಆಟ, ಅಂಥ ಹಳಿ ಇರೋ ಗೆಳೆಯ ಸಿಕ್ಕಿದ್ಮೇಲೆ ಇಂಜಿನ್ ತಗೊಳ್ಳಿ, ಮೊದಲು ಇಂಜಿನ್ ತಗೊಂಡು ಆಮೇಲೆ ಹಳಿ ಹುಡುಕಬೇಡಿ.

32ಕ್ಕೂ 45ಕ್ಕೂ ನಡುವೆ ಒದ್ದಾಡ್ತಿದ್ರೆ ಒಂದು ದಾರಿ ಇದೆ. ಕೆಲವು ನ್ಯಾರೋ ಗೇಜ್ ಇಂಜಿನ್‌ಗಳಲ್ಲಿ ಚಕ್ರವನ್ನ ಸ್ಕ್ರೂ ಸಡಿಲ ಮಾಡಿ ಆಕ್ಸಲ್ ಮೇಲೆ ಒಳಗೆ ಹೊರಗೆ ಸರಿಸಿ ಎರಡೂ ಅಗಲಕ್ಕೆ ಹೊಂದಿಸಬಹುದು. ತಗೊಳ್ಳೋ ಮುಂಚೆ ಇದನ್ನ ಕೇಳಿ, ಎಲ್ಲ ಇಂಜಿನ್ನಲ್ಲೂ ಇರಲ್ಲ. ಒಂದು ವಿಷ್ಯ ಮರೀಬೇಡಿ, ಇಂಜಿನ್ನಿನ ಚಕ್ರ ಸರಿಸಿದ್ರೆ ಆಗಲಿಲ್ಲ, ಬೋಗಿಗಳ ಚಕ್ರಾನೂ ಬದಲಾಯಿಸ್ಬೇಕು, ಅದಕ್ಕೆ ನಮ್ಮಲ್ಲಿ ಇಂಜಿನ್ ಮಾತ್ರ ತಗೊಂಡು ಹೋಗಿ ಆ ಹಳಿ ಮಾಲೀಕನ ಬೋಗಿಗಳನ್ನೇ ಎಳೀತೀವಿ.

ಬೆಂಕಿ: ಗ್ಯಾಸು, ಸ್ಪಿರಿಟ್ಟು, ಕಲ್ಲಿದ್ದಲು

ಇದು ಬಹಳ ಜನ ರಾತ್ರಿಯೆಲ್ಲಾ ವಾದ ಮಾಡೋ ವಿಷ್ಯ, ನಾನು ಮೂರನ್ನೂ ಓಡಿಸಿದೀನಿ, ಮೂರಕ್ಕೂ ಅದರದ್ದೇ ಗುಣ ಇದೆ.

ಗ್ಯಾಸ್ ಇಂಜಿನ್ ಅಂದ್ರೆ ಬ್ಯೂಟೇನ್. ಕ್ಯಾಬ್ (ಡ್ರೈವರ್ ನಿಲ್ಲೋ ಗೂಡು) ಒಳಗೋ ಟೆಂಡರಲ್ಲೋ ಬೆರಳುದ್ದದ ಟ್ಯಾಂಕ್ ಇರತ್ತೆ, ಬಾಯ್ಲರ್ ಒಳಗಿನ ಕೊಳವೆಯಲ್ಲಿ ಬರ್ನರ್ ಇರತ್ತೆ. ಶುರು ಮಾಡೋದು ಹೀಗೆ: ಬಾಯ್ಲರಿಗೆ ಸಿರಿಂಜಲ್ಲಿ ಬಾಯಿ ತನಕ ನೀರು ತುಂಬಿಸಿ ಆಮೇಲೆ ಕೈಪಿಡಿ ಹೇಳಿದಷ್ಟು, ಸಣ್ಣ ಇಂಜಿನ್ನಲ್ಲಿ ಸುಮಾರು 30 ಎಂಎಲ್, ವಾಪಸ್ ಎಳೀಬೇಕು, ಆ ಖಾಲಿ ಜಾಗದಲ್ಲೇ ಹಬೆ ಕೂರೋದು. ಸಿಲಿಂಡರಿಗೆ ಎಣ್ಣೆ ಬಿಡೋ ಲ್ಯೂಬ್ರಿಕೇಟರಿಗೆ ಸ್ಟೀಮ್ ಎಣ್ಣೆ ತುಂಬಿಸ್ಬೇಕು. ಗ್ಯಾಸ್ ತುಂಬಿಸಿ, ಟ್ಯಾಂಕ್ ತುಂಬಿದ ಕೂಡ್ಲೇ ವಾಲ್ವಿಂದ ದ್ರವ ಚಿಮ್ಮತ್ತೆ, ನಿಲ್ಲಿಸಿ. ಗ್ಯಾಸ್ ಹರಡಿ ಹೋಗೋ ತನಕ ಒಂದೆರಡು ನಿಮಿಷ ಬಿಟ್ಟು, ಚಿಮಣಿ ಬಾಯಿಗೆ ಲೈಟರ್ ಹಿಡಿದು ಗ್ಯಾಸ್ ವಾಲ್ವ್ ನಿಧಾನಕ್ಕೆ ತೆಗೆದ್ರೆ ಪೊಪ್ ಅಂತ ಒಂದು ಸದ್ದು ಬಂದು ಬೆಂಕಿ ಒಳಗೆ ಹೋಗಿ ಕೂರತ್ತೆ. ಸದ್ದು ಕೂಗೋ ಹಾಗಿದ್ರೆ ಗ್ಯಾಸ್ ಜಾಸ್ತಿ ಆಗಿದೆ ಅಂತ, ಗುರ್ ಅಂತ ಮೆತ್ತಗಿದ್ರೆ ಸರಿ. ಹತ್ತು ನಿಮಿಷದೊಳಗೆ ಪ್ರೆಶರ್ ಬರತ್ತೆ, ಈ ಸೈಜಿನವು ಸಾಮಾನ್ಯವಾಗಿ 40 ಪಿಎಸ್‌ಐ ಆಸುಪಾಸಲ್ಲಿ ಕೆಲಸ ಮಾಡತ್ವೆ, ಆ ಒತ್ತಡದಲ್ಲಿ ಒಳಗಿನ ನೀರು 140 ಡಿಗ್ರಿ ಮುಟ್ಟಿರತ್ತೆ. ಮೊದಲ ಸಲ ರೆಗ್ಯುಲೇಟರ್ (ಸಿಲಿಂಡರಿಗೆ ಹಬೆ ಬಿಡೋ ವಾಲ್ವ್) ತೆಗೆದಾಗ ಇಂಜಿನ್ ಹೋಗಲ್ಲ, ತಣ್ಣಗಿರೋ ಸಿಲಿಂಡರಲ್ಲಿ ಹಬೆ ನೀರಾಗಿ ಅಡ್ಡ ಕೂತಿರತ್ತೆ, ಇಂಜಿನ್ನನ್ನ ಕೈಲಿ ಹಿಂದೆ ಮುಂದೆ ಮೆತ್ತಗೆ ಆಡಿಸಿದ್ರೆ ಚಿಮಣಿಯಿಂದ ಬಿಸಿ ಎಣ್ಣೆನೀರು ಪುಸಕ್ ಅಂತ ಎಗರತ್ತೆ, ಮುಖ ಬಗ್ಗಿಸಿ ನೋಡಬೇಡಿ, ಆಮೇಲೆ ತಾನಾಗೇ ಹೊರಡತ್ತೆ.

ಗುಂಪಿಗೆ ಗ್ಯಾಸ್ ಯಾಕೆ ಒಳ್ಳೇದು ಅಂದ್ರೆ, ಒಂದ್ಸಲ ಹೊತ್ತಿಸಿದ್ರೆ ಇಪ್ಪತ್ತು ಮೂವತ್ತು ನಿಮಿಷ ಬೆಂಕಿ ಕಡೆ ತಿರುಗಿ ನೋಡೋ ಅಗತ್ಯ ಇಲ್ಲ. ಸಣ್ಣ ಇಂಜಿನ್‌ಗಳಲ್ಲಿ ನೀರು ಮುಗಿಯೋ ಮುಂಚೆ ಗ್ಯಾಸ್ ಮುಗಿಯೋ ಹಾಗೆ ಟ್ಯಾಂಕ್ ಅಳತೆ ಇಟ್ಟಿರ್ತಾರೆ, ಹೊಸಬರ ಕೈಲಿ ಬಾಯ್ಲರ್ ಒಣಗಿ ಸುಡೋ ಭಯ ಕಮ್ಮಿ. ಆದ್ರೆ ಮಧ್ಯದಲ್ಲಿ ಗ್ಯಾಸ್ ಮಾತ್ರ ಮತ್ತೆ ತುಂಬಿ ಓಡಿಸಿದ್ರೆ ಈ ಲೆಕ್ಕ ಕೆಡತ್ತೆ, ಗ್ಯಾಸ್ ಹಾಕಿದಾಗೆಲ್ಲ ನೀರೂ ಹಾಕಿ. ಚಳಿ ಇದ್ರೆ ಬ್ಯೂಟೇನ್ ಕೈ ಕೊಡತ್ತೆ, ಅದು ಕುದಿಯೋದೇ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ, ಅದರ ಮೇಲೆ ದ್ರವ ಆವಿಯಾಗ್ತಾ ಟ್ಯಾಂಕ್ ತನ್ನನ್ನ ತಾನೇ ತಣ್ಣಗೆ ಮಾಡ್ಕೊಳ್ಳತ್ತೆ, ಹಾಗಾಗಿ ಬೆಂಕಿ ಸಣ್ಣಗಾಗ್ತಾ ಹೋಗತ್ತೆ. ಇದಕ್ಕೆ ಸ್ವಲ್ಪ ಪ್ರೋಪೇನ್ ಬೆರೆಸಿದ ಕ್ಯಾನ್ ಬರತ್ತೆ, ನಿಮ್ಮ ಇಂಜಿನ್ನಿನ ಕೈಪಿಡಿ ಒಪ್ಪಿದ್ರೆ ಮಾತ್ರ ಹಾಕಿ, ಪ್ರೋಪೇನ್ ಕುದಿಯೋದು ಮೈನಸ್ 42ರಲ್ಲಿ, ಬಿಸಿಲಲ್ಲಿ ಟ್ಯಾಂಕಿನ ಒತ್ತಡ ವಿಪರೀತ ಏರತ್ತೆ. ಟ್ಯಾಂಕ್ ಸುತ್ತ ಉಗುರುಬೆಚ್ಚಗಿನ ನೀರು ನಿಲ್ಲೋ ಹಾಗೆ ಪುಟ್ಟ ತೊಟ್ಟಿ ಮಾಡಿರೋ ಇಂಜಿನ್‌ಗಳೂ ಇವೆ, ಅದು ಒಳ್ಳೇ ಉಪಾಯ.

ಸ್ಪಿರಿಟ್ ಇಂಜಿನ್ನಿನ ಸೊಗಸು ಅದರ ಮೌನ. ಗ್ಯಾಸ್ ಬರ್ನರಿನ ಗುರ್ ಸದ್ದು ಇರಲ್ಲ, ಚಿಮಣಿಯಿಂದ ಛಕ್ ಛಕ್ ಛಕ್ ಅನ್ನೋದು ಬಿಡಿಬಿಡಿಯಾಗಿ ಕೇಳತ್ತೆ, ಒಂದ್ಸಲ ಆ ಸದ್ದಿಗೆ ಮನಸೋತೋರು ಗ್ಯಾಸ್ ಕಡೆ ತಿರುಗಲ್ಲ. ಆದ್ರೆ ಅದಕ್ಕೆ ಗಮನ ಬೇಕು. ಬತ್ತಿಗಳ ಎತ್ತರ, ಬಿಗಿ ಎಲ್ಲಾ ಒಂದೇ ಸಮ ಇರ್ಬೇಕು. ಬಾಯ್ಲರಿನ ಹೊಟ್ಟೆ ಕೆಳಗೇ ಬೆಂಕಿ ಉರಿಯೋ ಸರಳ ಇಂಜಿನ್ ಆದ್ರೆ ಗಾಳಿ ಬೀಸಿದಾಗ ಅರ್ಧ ಶಾಖ ಗಾಳಿ ಪಾಲು. ಒಳಗೆ ಕೊಳವೆಗಳಲ್ಲಿ ಬೆಂಕಿ ಎಳ್ಕೊಳ್ಳೋ ಇಂಜಿನ್ ಆದ್ರೆ ಶುರುವಲ್ಲಿ ಚಿಮಣಿ ಮೇಲೆ ಪುಟ್ಟ ಮೋಟಾರಿನ ಫ್ಯಾನ್ ಇಟ್ಟು ಗಾಳಿ ಎಳೀಬೇಕು, ಇಂಜಿನ್ ನಿಂತಾಗೆಲ್ಲ ಬ್ಲೋವರ್ (ಚಿಮಣಿಗೆ ಹಬೆ ಊದಿ ಗಾಳಿ ಎಳೆಯೋ ವಾಲ್ವ್) ತೆಗೀಬೇಕು, ಇಲ್ಲಾಂದ್ರೆ ಬೆಂಕಿ ಕ್ಯಾಬ್ ಕಡೆ ವಾಪಸ್ ಬರತ್ತೆ. ಇನ್ನೊಂದು, ಬತ್ತಿಗೆ ಸ್ಪಿರಿಟ್ ಹೋಗೋದು ಕೋಳಿಗೆ ನೀರಿಡೋ ತಲೆಕೆಳಗಾದ ಬಾಟಲಿ ಇರತ್ತಲ್ಲ ಆ ತರಹದ ವ್ಯವಸ್ಥೆಯಲ್ಲಿ, ಮಟ್ಟ ಇಳಿದ ಹಾಗೆ ತಾನೇ ತುಂಬ್ಕೊಳ್ಳತ್ತೆ. ಇಂಜಿನ್ ಹಳಿ ತಪ್ಪಿ ವಾಲಿದ್ರೆ ಅದೇ ಸ್ಪಿರಿಟ್ ಹೊರಗೆ ಚೆಲ್ಲಿ ಕೆಳಗೆ ಉರಿಯೋಕೆ ಶುರು, ಬಿಸಿಲಲ್ಲಿ ಆ ನೀಲಿ ಬೆಂಕಿ ಕಣ್ಣಿಗೆ ಕಾಣೋದೇ ಇಲ್ಲ. ನಮ್ಮ ಹಳಿಯ ಮರದ ಸೇತುವೆ ಮೇಲೆ ಒಂದ್ಸಲ ಹೀಗಾಗಿ, ಬಣ್ಣ ಗುಳ್ಳೆ ಏಳೋದು ನೋಡಿದ್ಮೇಲೇ ನಮಗೆ ಬೆಂಕಿ ಇದೆ ಅಂತ ಗೊತ್ತಾಗಿದ್ದು. ಸ್ಪಿರಿಟ್ ನೀರಲ್ಲಿ ಬೆರೆಯತ್ತೆ, ಒಂದು ಬಕೆಟ್ ನೀರು ಸುರಿದ್ರೆ ಆರತ್ತೆ, ಅವತ್ತಿಂದ ಸೇತುವೆ ಪಕ್ಕ ಬಕೆಟ್ ಇದ್ದೇ ಇರತ್ತೆ.

ಕಲ್ಲಿದ್ದಲು ನನ್ನ ಪ್ರೀತಿಯದು, ಮುಚ್ಚುಮರೆ ಏನಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲ ಚೂರು ಹಾಕಿ, ಫ್ಯಾನ್ ಇಟ್ಟು, ಬೆಂಕಿ ಕೆಂಪಗಾದ್ಮೇಲೆ ಬಟಾಣಿ ಗಾತ್ರದ ಕಲ್ಲಿದ್ದಲನ್ನ ಚಮಚದಷ್ಟು ಸಲಿಕೆಯಲ್ಲಿ ಒಂದೊಂದೇ ಮೂಲೆಗೆ ಹಾಕೋದು, ಆ ವಾಸನೆ, ಸೇಫ್ಟಿ ವಾಲ್ವ್ ಎದ್ದಾಗ ಬರೋ ಬಿಳಿ ಹಬೆ, ಇದನ್ನ ಅಸಲಿ ರೈಲು ಅಂತಾನೇ ಅನ್ನಬೇಕು. ಆದ್ರೆ ಎರಡು ಮೂರು ನಿಮಿಷಕ್ಕೊಮ್ಮೆ ಬೆಂಕಿಬಾಗಿಲು ತೆಗೆದು ನೋಡ್ಬೇಕು, ಹಿಡಿಯಷ್ಟೇ ದೊಡ್ಡ ಬೆಂಕಿಗೂಡಲ್ಲಿ ಒಂದು ನಿಮಿಷ ಮೈಮರೆತ್ರೆ ಬೆಂಕಿ ಸತ್ತು ಹೋಗತ್ತೆ, ಮತ್ತೆ ಮೊದಲಿಂದ ಹಚ್ಚೋಕೆ ಅರ್ಧ ಗಂಟೆ. ಗೆಳೆಯರ ಜೊತೆ ಮಾತಾಡ್ತಾ ಓಡಿಸ್ಬೇಕು ಅನ್ನೋರಿಗೆ ಇದು ಆಗಲ್ಲ. ಒಬ್ರು ಬೆಂಕಿ ನೋಡ್ಕೊಳ್ತಾರೆ ಒಬ್ರು ಓಡಿಸ್ತಾರೆ ಅನ್ನೋ ಜೋಡಿ ಸಿಕ್ಕಿದ್ರೆ ಮಾತ್ರ ಇದರಷ್ಟು ಖುಷಿ ಬೇರೆ ಇಲ್ಲ. ಒಣ ಎಲೆ ಹುಲ್ಲು ಇರೋ ಕಾಲದಲ್ಲಿ ಕಿಡಿ ಹಾರತ್ತೆ, ಆಗ ಹಳಿ ಮಾಲೀಕನ್ನ ಕೇಳದೆ ಕಲ್ಲಿದ್ದಲು ಹಚ್ಚಬಾರದು.

ಗುಳಿಗೆ ಇಂಧನದ ಆಟಿಕೆ ಇಂಜಿನ್‌ಗಳೂ ಇವೆ, ಹೆಕ್ಸಮಿನ್ ಗುಳಿಗೆ ಹೊತ್ತಿಸಿ ಓಡಿಸೋದು, ಬೆಂಕಿ ಹೆಚ್ಚು ಕಮ್ಮಿ ಮಾಡೋಕೆ ಬರಲ್ಲ, ಮಸಿ ಬೇರೆ. ಕೈಗೆ ಬಂದ್ರೆ ಇರಲಿ, ಗುಂಪಿಗೆ ಅಂತ ಹುಡುಕ್ಕೊಂಡು ಹೋಗ್ಬೇಡಿ.

ಮೊದಲನೇ ಇಂಜಿನ್ ಅಂದ್ರೆ ಗ್ಯಾಸ್ ತಗೊಳ್ಳಿ. ಒಂದು ನಿಯಮಕ್ಕೆ ಮಾತ್ರ ರಿಯಾಯಿತಿ ಇಲ್ಲ, ಬೇರೆಯವರ ಇಂಜಿನ್ ಉರೀತಿರೋ ಜಾಗದಲ್ಲಿ ನಿಮ್ಮ ಗ್ಯಾಸ್ ತುಂಬಿಸ್ಬೇಡಿ. ಬ್ಯೂಟೇನ್ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಹೋಗಿ ಆ ಕಡೆ ಇರೋ ಬೆಂಕಿ ಹುಡುಕತ್ತೆ. ನಾವು ಗ್ಯಾಸ್ ತುಂಬಿಸೋಕೆ ಅಂತಾನೇ ತೋಟದ ಇನ್ನೊಂದು ಮೂಲೆಯಲ್ಲಿ ಒಂದು ಮೇಜು ಇಟ್ಟಿದೀವಿ.

ಕೈ ಕಂಟ್ರೋಲು, ರೇಡಿಯೋ ಕಂಟ್ರೋಲು

ಕೈ ಕಂಟ್ರೋಲ್ ಅಂದ್ರೆ ರೆಗ್ಯುಲೇಟರನ್ನ ಬೆರಳಲ್ಲಿ ಕೂದಲೆಳೆಯಷ್ಟು ತಿರುಗಿಸಿ ಬಿಟ್ಟುಬಿಡೋದು, ಆಮೇಲೆ ಇಂಜಿನ್ ಪಾಡು ಇಂಜಿನ್ನಿಗೆ. ಬೆಲೆ ಕಮ್ಮಿ, ಬ್ಯಾಟರಿ ತಲೆನೋವಿಲ್ಲ, ಮತ್ತೆ ಇಂಜಿನ್ನಿನ ಮನಸ್ಸು ಅರ್ಥ ಆಗೋದು ಕೈಲಿ ಓಡಿಸಿದಾಗಲೇ. ಪೂರ್ತಿ ಮಟ್ಟ ಹಳಿ ಇದ್ರೆ ಇದೇ ಸಾಕು. ಸ್ವಲ್ಪ ಏರು ಇಳಿಜಾರು ಇದ್ರೂ ಏರಲ್ಲಿ ಉಸಿರು ಕಟ್ಟಿ ನಿಲ್ಲತ್ತೆ, ಇಳಿಜಾರಲ್ಲಿ ಓಡ್ಹೋಗತ್ತೆ. ಹಿಂದೆ ಭಾರ ಕಟ್ಟಿದಷ್ಟೂ ಇಂಜಿನ್ ನಿಧಾನಕ್ಕೆ ಒಂದೇ ಸಮ ಹೋಗತ್ತೆ, ಹೊಸಬರು ಭಾರ ಜಾಸ್ತಿ ಆದ್ರೆ ಕಷ್ಟ ಅಂತ ಎರಡೇ ಬೋಗಿ ಕಟ್ತಾರೆ, ಅದು ಉಲ್ಟಾ.

ನನಗೆ ಆಗಿದ್ದನ್ನ ಹೇಳ್ತೀನಿ. ಕೈ ಕಂಟ್ರೋಲ್ ಇಂಜಿನ್ನು, ಏಳು ಗೂಡ್ಸ್ ಬೋಗಿ, ಚೆನ್ನಾಗಿ ಹೋಗ್ತಿತ್ತು, ನಾನು ಗೆಳೆಯನ ಜೊತೆ ಅವನ ಇಂಜಿನ್ನಿನ ವಾಲ್ವ್ ಗೇರ್ ಬಗ್ಗೆ ಮಾತಾಡ್ತಾ ಬೆನ್ನು ತಿರುಗಿಸಿ ನಿಂತಿದ್ದೆ. ಏರಲ್ಲಿ ಮೊದಲನೇ ಕೊಂಡಿ ಕಳಚಿದೆ, ಬೋಗಿಗಳೆಲ್ಲ ಅಲ್ಲೇ ನಿಂತಿವೆ, ಭಾರ ಹೋಯ್ತಲ್ಲ, ಇಂಜಿನ್ ಎಗರ್ಕೊಂಡು ಇಡೀ ಲೂಪ್ ಸುತ್ತಿ ಬಂದು ತನ್ನದೇ ಕೊನೇ ಬೋಗಿಗೆ ಗುದ್ದಿತು. ಮುಂದಿನ ಬಫರ್ ಬೀಮ್ ಬಗ್ಗಿತ್ತು, ಒಂದು ಸ್ಟೀಮ್ ಪೈಪು ಜಾಯಿಂಟಲ್ಲಿ ಸೋರೋಕೆ ಶುರುವಾಗಿತ್ತು, ಗೆಳೆಯನ ಒಂದು ಮರದ ಬೋಗಿ ಸೀಳಿ ಹೋಗಿತ್ತು. ಬೋಗಿ ಅವನದ್ದು ಅನ್ನೋದು ನನಗೆ ಈಗಲೂ ಚುಚ್ಚತ್ತೆ.

ಹಾಗಾಗಿ ಗುಂಪಲ್ಲಿ, ಒಂದೇ ಹಳಿ ಮೇಲೆ ಎರಡು ಮೂರು ರೈಲು ಇರೋವಾಗ ರೇಡಿಯೋ ಕಂಟ್ರೋಲ್ ಇರೋ ಇಂಜಿನ್ನೇ ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಎರಡು ಸರ್ವೋ (ರಿಮೋಟ್ ಹೇಳಿದ ಹಾಗೆ ತಿರುಗೋ ಪುಟ್ಟ ಮೋಟಾರ್), ಒಂದು ರೆಗ್ಯುಲೇಟರಿಗೆ, ಇನ್ನೊಂದು ಹಿಂದೆ ಮುಂದೆ ಮಾಡೋಕೆ, 2.4 ಗಿಗಾಹರ್ಟ್ಸ್ ರಿಸೀವರ್, ಒಂದು ಸಣ್ಣ ಬ್ಯಾಟರಿ ಪ್ಯಾಕ್, ಅಷ್ಟೇ. ಹಳೇ ಸೆಟ್‌ಗಳಲ್ಲಿ ಇಬ್ಬರದ್ದು ಒಂದೇ ಫ್ರೀಕ್ವೆನ್ಸಿ ಆದ್ರೆ ಒಬ್ಬರ ರಿಮೋಟಿಗೆ ಇನ್ನೊಬ್ಬರ ಇಂಜಿನ್ ಓಡ್ತಿತ್ತು, 2.4ರಲ್ಲಿ ಆ ತೊಂದರೆ ಇಲ್ಲ. ತೊಂದರೆ ಇರೋದು ಬಿಸಿಯಲ್ಲಿ, ಸರ್ವೋ ಬಾಯ್ಲರ್ ಪಕ್ಕದಲ್ಲಿ ಎಣ್ಣೆ ನೀರು ಕುಡ್ಕೊಂಡು ಬದುಕ್ಬೇಕು, ಅದು ಹಾಳಾಗೋ ಸಾಮಾನು ಅಂತಾನೇ ಲೆಕ್ಕ ಇಟ್ಕೊಳ್ಳಿ. ಮೊದಲು ಕೈ ಕಂಟ್ರೋಲ್ ತಗೊಂಡು ಆಮೇಲೆ ರೇಡಿಯೋ ಹಾಕಿಸ್ತೀನಿ ಅನ್ನೋದಾದ್ರೆ ಕ್ಯಾಬಲ್ಲಿ ಜಾಗ ಇದ್ಯಾ ನೋಡ್ಕೊಳ್ಳಿ. ಈ ಎರಡರ ನಡುವೆ ಮೂರನೇ ದಾರಿನೂ ಇದೆ, ಆಕ್ಸಲ್ಲಿಗೆ ಗೇರ್ ಮೂಲಕ ಪುಟ್ಟ ಫ್ಲೈವೀಲ್ (ಭಾರದ ಚಕ್ರ) ಜೋಡಿಸೋದು, ಅದು ಇಂಜಿನ್ನಿನ ದಿಢೀರ್ ಓಟವನ್ನ ಹಿಡಿದಿಡತ್ತೆ.

ಹಳಿ: ನೆಲದ ಮೇಲೋ ಎತ್ತರದಲ್ಲೋ

ನೆಲದ ಮೇಲಿನ ಹಳಿ ನೋಡೋಕೆ ಚೆಂದ, ಗಿಡಗಳ ನಡುವೆ ರೈಲು ನುಸುಳಿ ಬರತ್ತೆ. ಆದ್ರೆ ಸ್ಟೀಮ್ ಇಂಜಿನ್ನಿಗೆ ನೀರು, ಎಣ್ಣೆ, ಗ್ಯಾಸ್, ಬೆಂಕಿ ಎಲ್ಲಾ ಮಂಡಿಯೂರಿ ಮಾಡ್ಬೇಕು, ಒಂದು ದಿನಕ್ಕೆ ಇಪ್ಪತ್ತು ಸಲ. ವಯಸ್ಸಾದ ಗೆಳೆಯರು ಗುಂಪಲ್ಲಿ ಇದ್ರೆ ಅವರು ಬರೋದನ್ನೇ ನಿಲ್ಲಿಸ್ತಾರೆ, ಯಾಕೆ ಅಂತ ಹೇಳೋದೂ ಇಲ್ಲ. ಸೊಂಟದೆತ್ತರದ ಹಳಿ ಅಂದ್ರೆ ಕಂಬ, ಹಲಗೆ ಅಥವಾ ಇಟ್ಟಿಗೆ ಕಟ್ಟೆ, ಖರ್ಚು ಜಾಸ್ತಿ, ನೋಟಕ್ಕೆ ಅಷ್ಟು ಸಹಜ ಅಲ್ಲ, ಬಿದ್ದ ಇಂಜಿನ್ ಹಾಳಾಗೋ ಭಯ ಬೇರೆ, ಅಂಚಿಗೆ ಒಂದು ಪಟ್ಟಿ ಕಟ್ಟಲೇಬೇಕು. ಇಳಿಜಾರಿನ ಜಾಗ ಇದ್ರೆ ಮಾತ್ರ ಲಾಟರಿ ಹೊಡೆದ ಹಾಗೆ, ಒಂದು ತುದಿ ನೆಲಕ್ಕೆ ತಾಗಿರತ್ತೆ, ಇನ್ನೊಂದು ತುದಿ ತಾನಾಗೇ ಎತ್ತರ. ಎಲ್ಲ ಕಡೆ ಎತ್ತರ ಮಾಡೋಕೆ ಆಗದಿದ್ರೆ ಇಂಜಿನ್ ತಯಾರು ಮಾಡೋ ಸೈಡಿಂಗ್ (ಪಕ್ಕದ ಹಳಿ) ಒಂದನ್ನಾದ್ರೂ ಎತ್ತರದಲ್ಲಿ ಮಾಡಿ.

ಏರು ಎಷ್ಟಿರಬಹುದು? ನಾನಾದ್ರೆ 100 ಸೆಂಟಿಮೀಟರಿಗೆ 1 ಸೆಂಟಿಮೀಟರಿಗಿಂತ ಜಾಸ್ತಿ ಬಿಡಲ್ಲ, ಕೈ ಕಂಟ್ರೋಲ್ ಇಂಜಿನ್ ಬರೋ ಹಳಿ ಆದ್ರೆ ಮಟ್ಟಗೋಲು ಇಟ್ಟು ಸೊನ್ನೆಗೆ ತರ್ತೀನಿ.

ಹಳಿ ಲೋಹದ ಆಯ್ಕೆಯಲ್ಲಿ ಸ್ಟೀಮ್‌ನೋರಿಗೆ ಒಂದು ಅನುಕೂಲ, ಹಳಿಯಲ್ಲಿ ಕರೆಂಟ್ ಹರಿಯೋ ಅಗತ್ಯ ಇಲ್ಲ, ಹಾಗಾಗಿ ಹಿತ್ತಾಳೆ ಬೇಕೇ ಬೇಕು ಅಂತಿಲ್ಲ, ಅಲ್ಯುಮಿನಿಯಂ ನಡಿಯತ್ತೆ. ಬಿಸಿಲಿಗೆ ಹಿಗ್ಗೋದನ್ನ ಮಾತ್ರ ಲೆಕ್ಕ ಹಾಕಿ. 10 ಮೀಟರ್ ಹಳಿ 30 ಡಿಗ್ರಿ ಬಿಸಿಯಾದ್ರೆ ಹಿತ್ತಾಳೆ ಸುಮಾರು 6 ಮಿಮೀ ಉದ್ದ ಆಗತ್ತೆ, ಅಲ್ಯುಮಿನಿಯಂ ಸುಮಾರು 7. ಜಾಯಿಂಟುಗಳಲ್ಲಿ ಆ ಜಾಗ ಬಿಡದಿದ್ರೆ ಮಧ್ಯಾಹ್ನದ ಹೊತ್ತಿಗೆ ಹಳಿ ಹಾವಿನ ಹಾಗೆ ಡೊಂಕಾಗತ್ತೆ.

ನಿಮ್ಮ ಗೆಳೆಯನ ಹಳಿ ಎಲೆಕ್ಟ್ರಿಕ್ ಆಗಿದ್ರೆ, ಅಂದ್ರೆ ಹಳಿಯಲ್ಲೇ ಕರೆಂಟ್ ಇರೋದಾದ್ರೆ, ನಿಮ್ಮ ಸ್ಟೀಮ್ ಇಂಜಿನ್ನಿನ ಚಕ್ರ ಇನ್ಸುಲೇಟ್ ಆಗಿದ್ಯಾ ಕೇಳ್ಕೊಳ್ಳಿ. ಬಹಳ ಇಂಜಿನ್‌ಗಳಲ್ಲಿ ಚಕ್ರ ಆಕ್ಸಲ್ ಎಲ್ಲಾ ಲೋಹ, ಹಳಿ ಮೇಲಿಟ್ಟ ತಕ್ಷಣ ಶಾರ್ಟ್. ಸುಲಭದ ದಾರಿ ಅಂದ್ರೆ ಸ್ಟೀಮ್ ಓಡೋ ಹೊತ್ತಲ್ಲಿ ಹಳಿ ಕರೆಂಟ್ ಪೂರ್ತಿ ಆಫ್ ಮಾಡೋದು, ಬ್ಯಾಟರಿ ಇಂಜಿನ್ ಇರೋರು ಆಗಲೂ ಜೊತೆಗೆ ಓಡಿಸಬಹುದು.

ಲೂಪು, ಪಾಯಿಂಟ್ ಟು ಪಾಯಿಂಟು, ವೇಗದ ಲೆಕ್ಕ

ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರೋ ಹಳಿ ನಿಜವಾದ ರೈಲ್ವೇ ತರಹ, ಸ್ಟೇಷನ್, ಶಂಟಿಂಗ್, ಕ್ರಾಸಿಂಗ್ ಎಲ್ಲಾ ಮಾಡಬಹುದು, ಆದ್ರೆ ಎಲ್ಲರಿಗೂ ರೇಡಿಯೋ ಇರಲೇಬೇಕು. ಲೂಪಲ್ಲಿ ಕೈ ಕಂಟ್ರೋಲಿನೋರೂ ಸೇರಬಹುದು. ಬೇರೆ ಬೇರೆ ಅನುಭವ ಇರೋ ಗೆಳೆಯರು ಸೇರೋ ಜಾಗಕ್ಕೆ ಲೂಪು, ಅದಕ್ಕೆ ಎರಡು ಸೈಡಿಂಗು. ಲೆಕ್ಕ ನೋಡಿ, ನಾಲ್ಕು ಜನ, ಒಬ್ಬೊಬ್ಬರ ಓಟ 25 ನಿಮಿಷ, ತಯಾರಿ 15 ನಿಮಿಷ. ಒಬ್ಬರು ಓಡಿಸೋ ಹೊತ್ತಲ್ಲಿ ಮುಂದಿನವರು ಸೈಡಿಂಗಲ್ಲಿ ಹಬೆ ಏರಿಸ್ತಿದ್ರೆ ಹಳಿ ಒಂದು ನಿಮಿಷಾನೂ ಖಾಲಿ ಇರಲ್ಲ, ನೂರು ನಿಮಿಷಕ್ಕೆ ಒಂದು ಸುತ್ತು. ಸೈಡಿಂಗ್ ಇಲ್ಲಾಂದ್ರೆ ಅಷ್ಟೂ ತಯಾರಿ ಮೇನ್ ಲೈನಲ್ಲೇ ಆಗ್ಬೇಕು, ಒಂದು ಗಂಟೆ ಹಾಗೇ ಹೋಗತ್ತೆ.

ಎರಡು ರೈಲು ಒಟ್ಟಿಗೆ ಬಿಡೋದಾದ್ರೆ ವೇಗ ಹೊಂದ್ಬೇಕು. 1:19 ಸ್ಕೇಲಿನ ಬೆಟ್ಟದ ರೈಲು ಗಂಟೆಗೆ 15 ಕಿಮೀ ವೇಗದ ಲೆಕ್ಕದಲ್ಲಿ ಹೋದ್ರೆ ಹಳಿ ಮೇಲೆ ಸೆಕೆಂಡಿಗೆ 22 ಸೆಂಟಿಮೀಟರ್, 30 ಮೀಟರ್ ಲೂಪ್ ಸುತ್ತೋಕೆ ಎರಡೂ ಕಾಲು ನಿಮಿಷ. 1:32ರ ಎಕ್ಸ್‌ಪ್ರೆಸ್ 100 ಕಿಮೀ ಲೆಕ್ಕದಲ್ಲಿ ಹೋದ್ರೆ ಅದೇ ಲೂಪ್ 35 ಸೆಕೆಂಡಲ್ಲಿ ಮುಗೀತು. ಇವೆರಡನ್ನ ಒಂದೇ ಲೂಪಲ್ಲಿ ಬಿಟ್ರೆ ಎರಡು ನಿಮಿಷದೊಳಗೆ ಡಿಕ್ಕಿ. ಅದಕ್ಕೇ ಮಿಶ್ರ ಗುಂಪಿಗೆ ಎರಡು ಲೂಪ್, ಹೊರಗಿನದು ದೊಡ್ಡದಕ್ಕೆ, ಒಳಗಿನದು ಸಣ್ಣದಕ್ಕೆ.

ಕಪ್ಲಿಂಗ್ ಬಗ್ಗೆ ಜಾಸ್ತಿ ಹೇಳಲ್ಲ. ಕೊಕ್ಕೆ ಸರಪಳಿ, ಲೂಪ್ ಕೊಂಡಿ, ಬೆರಳ ಗೆಣ್ಣಿನ ಹಾಗಿರೋ ಅಮೆರಿಕನ್ ನಕಲ್ (knuckle) ಅಂತ ಹಲವು ಇವೆ, ಗುಂಪು ಒಂದನ್ನ ಒಪ್ಪಿ ಅದಕ್ಕೇ ನಿಲ್ಲಲಿ. ಬೇರೆ ಕಡೆ ಹೋಗೋರ ಜೇಬಲ್ಲಿ ಒಂದು ತುಂಡು ಸರಪಳಿ ಇದ್ರೆ ಯಾವ ಬೋಗಿನೂ ಕಟ್ಟಬಹುದು.

ಮೇಲೆ ಕೂತು ಓಡಿಸೋ ದೊಡ್ಡ ಇಂಜಿನ್, ಅಂದ್ರೆ 5 ಇಂಚು, 7¼ ಇಂಚು ಗೇಜಿನವು, ಬೇರೆಯೇ ಲೋಕ. ಎತ್ತೋಕೆ ಇಬ್ಬರು ಮೂವರು ಬೇಕು, ಜನರನ್ನ ಕೂರಿಸೋದ್ರಿಂದ ಬಾಯ್ಲರ್ ಪರೀಕ್ಷೆ, ಬ್ರೇಕು, ಇನ್ಶೂರೆನ್ಸ್ ಎಲ್ಲಾ ಕಟ್ಟುನಿಟ್ಟು. ಅದನ್ನ ಮನೆ ತೋಟಕ್ಕಿಂತ ಕ್ಲಬ್ಬಿನ ಹಳಿ ಮೇಲೆ ಮಾಡೋದು ಸರಿ.

ಹೊಸದೋ, ಕಿಟ್ಟೋ, ಸೆಕೆಂಡ್ ಹ್ಯಾಂಡೋ

ಹೊಸದು ತಗೊಂಡ್ರೆ ಬಾಯ್ಲರ್ ಸರ್ಟಿಫಿಕೇಟ್ ಜೊತೆಗೆ ಬರತ್ತೆ, ಬಿಡಿಭಾಗ ಸಿಗತ್ತೆ. ಕಿಟ್ ತಗೊಂಡ್ರೆ ಬಾಯ್ಲರ್ ಸಾಮಾನ್ಯವಾಗಿ ಸಿದ್ಧವಾಗೇ ಬರತ್ತೆ, ಉಳಿದಿದ್ದನ್ನ ನೀವು ಜೋಡಿಸ್ತೀರ, ಜಪಾನಿನ ಆಸ್ಟರ್ 1975ರಿಂದ ಗೇಜ್ 1ರಲ್ಲಿ ಹೆಸರು ಮಾಡಿದ್ದು ಇಂಥ ಕಿಟ್‌ಗಳಿಂದ. ಕಿಟ್ ಕಟ್ಟಿದೋನಿಗೆ ತನ್ನ ಇಂಜಿನ್ನಿನ ಒಂದೊಂದು ನಟ್ಟೂ ಗೊತ್ತಿರತ್ತೆ, ಹಳಿ ಪಕ್ಕದಲ್ಲಿ ಕೆಟ್ಟು ನಿಂತಾಗ ಅದರ ಬೆಲೆ ಗೊತ್ತಾಗತ್ತೆ. ಎಲ್ಲಿಂದ ತಗೊಂಡ್ರೂ ಡಿಸ್ಟಿಲ್ಡ್ ನೀರು ಅಥವಾ ಸೋಸಿದ ಮಳೆನೀರು ಮಾತ್ರ ಹಾಕಿ, ಗಡಸು ನೀರು ಸುಣ್ಣ ಕಟ್ಟತ್ತೆ. ಎಣ್ಣೆನೂ ಸ್ಟೀಮ್ ಸಿಲಿಂಡರಿನದ್ದೇ ಆಗಿರ್ಬೇಕು, ಮೋಟಾರ್ ಎಣ್ಣೆ ಬಿಸಿ ಹಬೆಯಲ್ಲಿ ತೊಳೆದು ಹೋಗತ್ತೆ.

ಸೆಕೆಂಡ್ ಹ್ಯಾಂಡ್ ಇಂಜಿನ್ ನೋಡೋಕೆ ಹೋಗೋವಾಗ ಒಬ್ಬ ಗೆಳೆಯನ್ನ ಜೊತೆಗೆ ಕರ್ಕೊಂಡು ಹೋಗಿ, ಬಣ್ಣ ನೋಡಿ ಮರುಳಾಗೋದು ಒಬ್ರೇ ಇದ್ದಾಗ. ಬಾಯ್ಲರಿನ ಫಿಟ್ಟಿಂಗ್ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ರೆ ಅಲ್ಲಿ ಸೋರಿಕೆ ಇದೆ. ಬಾಯ್ಲರ್ ಕಾಗದ ಇಲ್ಲಾಂದ್ರೆ ನೀರಿನ ಒತ್ತಡದ ಪರೀಕ್ಷೆ ಆಗೋ ತನಕ ಬೆಂಕಿ ಹಚ್ಚಬೇಡಿ, ಇದನ್ನ ಗಾಳಿಯಲ್ಲಿ ಮಾಡ್ಬಾರದು, ನೀರಲ್ಲೇ ಮಾಡೋದು, ಯಾಕಂದ್ರೆ ನೀರು ಕುಗ್ಗಲ್ಲ, ಬಾಯ್ಲರ್ ಬಿರಿದ್ರೂ ಸಿಡಿಯಲ್ಲ, ಬರೀ ಸೋರತ್ತೆ. ಚಕ್ರ ಹಿಡಿದು ಮೆತ್ತಗೆ ಅಲ್ಲಾಡಿಸಿ, ಚಕ್ರಕ್ಕೆ ರಾಡು ಸೇರೋ ಕ್ರ್ಯಾಂಕ್ ಪಿನ್ನಲ್ಲಿ ಕಟಕ್ ಕಟಕ್ ಅಂದ್ರೆ ಸವೆದಿದೆ. ಆಮೇಲೆ ಇಂಜಿನ್ನನ್ನ ಚಕ್ರ ಗಾಳಿಯಲ್ಲಿ ಇರೋ ಹಾಗೆ ಎರಡು ಮರದ ತುಂಡಿನ ಮೇಲೆ ಕೂರಿಸಿ, ಸೈಕಲ್ ಪಂಪಲ್ಲಿ ಬಾಯ್ಲರಿಗೆ ಸ್ವಲ್ಪವೇ ಗಾಳಿ, 1 ಬಾರ್ ಸಾಕು, ಹಾಕಿ ರೆಗ್ಯುಲೇಟರ್ ತೆಗೀರಿ. ಅಷ್ಟು ಗಾಳಿಗೆ ಚಕ್ರ ಎಲ್ಲೂ ಸಿಕ್ಕಿಕೊಳ್ಳದೆ ನಿಧಾನಕ್ಕೆ, ಮುಂದಕ್ಕೂ ಹಿಂದಕ್ಕೂ ಒಂದೇ ಸಮ ತಿರುಗಿದ್ರೆ, ಅದರ ಕರ್ವ್ ರೇಡಿಯಸ್ ಎಷ್ಟು ಬೇಕು ಅಂತ ಇನ್ನೊಂದ್ಸಲ ಕೇಳಿ, ಅದು ನಿಮ್ಮ ಗೆಳೆಯರ ಹಳಿಗೆ ಹೊಂದಿದ್ರೆ ತಗೊಳ್ಳಿ.